ಮುನ್ನಡುಕ

ಹೆದರಿಕೆ ಮೊದಲು ಮೈಗೆ ಆಗುತ್ತದೆ, ಆಮೇಲೆ ಮನಸ್ಸಿಗೆ ತಿಳಿಯುತ್ತದೆ. ಬೀದಿಯ ತಿರುವಿನಲ್ಲಿ ಮಗುವೊಂದು ಅಡ್ಡ ಬಂದರೆ, ಅದು ಮಗು ಎಂದು ನಮಗೆ ಅರಿವಾಗುವ ಮುಂಚೆಯೇ ಅಂಗೈಯ ಸ್ನಾಯುಗಳು ಸಣ್ಣಗೆ ನಡುಗಿರುತ್ತವೆ. ನಡುವಿನ ಅಂತರ ಸುಮಾರು ಅರ್ಧ ಸೆಕೆಂಡು. ಅಷ್ಟರಲ್ಲಿ ಮನುಷ್ಯ ಏನೂ ಮಾಡಲಾರ. ಆದರೆ ಆ ನಡುಕವನ್ನು ಗಾಡಿಗೆ ತಿಳಿಸಿದರೆ, ಕಾಲು ಬ್ರೇಕನ್ನು ಮುಟ್ಟುವ ಮೊದಲೇ ಗಾಡಿ ನಿಲ್ಲಲು ಶುರು ಮಾಡಿರುತ್ತದೆ.

ಇದಕ್ಕೆ ನಮ್ಮ ಕಂಪನಿಯವರು ಮುನ್ನಡುಕ ಎಂದು ಹೆಸರಿಟ್ಟಿದ್ದರು. ಸ್ಟೀರಿಂಗಿನ ಚರ್ಮದ ಹೊದಿಕೆಯ ಕೆಳಗೆ ಕೂದಲಿಗಿಂತ ತೆಳುವಾದ ತಂತಿಗಳ ಬಲೆ ಇತ್ತು. ಅಂಗೈ ಅದರ ಮೇಲಿದ್ದರೆ ಸಾಕು. ಗಾಡಿಗೆ ಕ್ಯಾಮೆರಾ ಕಣ್ಣುಗಳೂ ಇದ್ದವು. ಆದರೆ ನಮ್ಮ ರಸ್ತೆಗಳಲ್ಲಿ ಯಾರು ಯಾವಾಗ ಎಲ್ಲಿಂದ ನುಗ್ಗುತ್ತಾರೆಂಬುದು ಕ್ಯಾಮೆರಾಕ್ಕೆ ತಿಳಿಯುವುದಿಲ್ಲ, ಇಲ್ಲೇ ಹುಟ್ಟಿ ಬೆಳೆದ ಮೈಗೆ ತಿಳಿಯುತ್ತದೆ. ಆ ಮೈಯನ್ನೇ ಉಪಯೋಗಿಸಿಕೊಳ್ಳುವುದು ಉಪಾಯ.

ಗಾಡಿಯ ಹೆಸರು ಶ್ಯೇನ, ಅಂದರೆ ಗಿಡುಗ. ಏಳುನೂರು ಕುದುರೆ ಶಕ್ತಿ, ಎತ್ತರ ನನ್ನ ಸೊಂಟಕ್ಕಿಂತ ತುಸು ಹೆಚ್ಚು. ಇಂಥ ಗಾಡಿ ಕೊಂಡವರು ಭಾನುವಾರ ಬೆಳಿಗ್ಗೆ ಹೆದ್ದಾರಿಗೆ ಒಯ್ದು, ಎಲ್ಲಾದರೂ ಇಡ್ಲಿ ತಿಂದು, ವಾಪಸು ತಂದು ಹೊದಿಕೆ ಹೊದಿಸಿ ನಿಲ್ಲಿಸುತ್ತಾರೆ. ವಾರದ ಉಳಿದ ದಿನ ಓಡಿಸಲು ಅವರಿಗೆ ಧೈರ್ಯವಿಲ್ಲ. ಮುನ್ನಡುಕ ಇದ್ದರೆ ಶ್ಯೇನದಲ್ಲಿ ತರಕಾರಿ ತರಬಹುದು, ಮದುವೆಗೆ ಹೋಗಬಹುದು, ಮಕ್ಕಳನ್ನು ಶಾಲೆಗೆ ಬಿಡಬಹುದು ಎಂಬುದು ಕಂಪನಿಯ ಮಾತು. ಅದನ್ನು ಪರೀಕ್ಷಿಸಲು ಅವರಿಗೆ ರೇಸಿನವರು ಬೇಕಿರಲಿಲ್ಲ. ಮನೆ ಮಠ ಇರುವ ಸಾಮಾನ್ಯ ಜನ ಬೇಕಾಗಿತ್ತು. ಒಬ್ಬ ಬಟ್ಟೆ ಅಂಗಡಿಯವರನ್ನೂ ಒಬ್ಬ ಬ್ಯಾಂಕ್ ಮ್ಯಾನೇಜರನ್ನೂ ನನ್ನನ್ನೂ ಆರಿಸಿದರು.

ನಾನು ಅದಕ್ಕೆ ಮೊದಲು ತುಮಕೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ವೈದ್ಯಕೀಯ ಉಪಕರಣಗಳ ಪಾಠ ಮಾಡುತ್ತಿದ್ದೆ. ನನ್ನ ಗಂಡ ರೇಣು ತೀರಿಕೊಂಡ ಮೇಲೆ ಬಿಟ್ಟಿದ್ದೆ. ಡೆಂಗಿ ಜ್ವರ. ಆಸ್ಪತ್ರೆಗೆ ತಾನೇ ನಡೆದುಕೊಂಡು ಹೋಗಿ, ಹಾಸಿಗೆ ಸಿಗುವವರೆಗೆ ಬೆಂಚಿನ ಮೇಲೆ ತಲೆಯಡಿ ಕೈಯಿಟ್ಟು ಮಲಗಿದ್ದ. ಅದಾಗಿ ವರ್ಷದ ಮೇಲಾಗಿತ್ತು. ಮನೆಯಲ್ಲಿ ನಾನು ಮತ್ತು ಅತ್ತೆ ಗಂಗಾಂಬಿಕೆ ಇಬ್ಬರೇ. ಅತ್ತೆ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಮೇಡಂ ಆಗಿದ್ದವರು. ನಿವೃತ್ತರಾದರೂ ದನಿ ಮೈದಾನದ ದನಿಯೇ.

ಗಾಡಿ ಮನೆ ಮುಂದೆ ಬಂದು ನಿಂತ ದಿನ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಸುತ್ತು ಹಾಕಿದರು.

“ಇದೇನೇ ಶರ್ವಾಣಿ, ಮೊರ ಬೋರಲು ಹಾಕ್ದಂಗಿದೆ. ಇದರೊಳಕ್ಕೆ ಹತ್ತಬೇಕೋ ಇಳೀಬೇಕೋ?”

“ಮೊದಲು ಕೂತ್ಕೊಳಿ ಅತ್ತೆ, ಆಮೇಲೆ ಕಾಲು ಒಳಗೆ ತಗೊಳಿ.”

“ಈ ಮಂಡಿ ಇಟ್ಕೊಂಡು ಬಸ್ಕಿ ಹೊಡೀಬೇಕಾ ನಾನು? ಸಾವಿರಾರು ಮಕ್ಕಳಿಗೆ ಹೊಡೆಸಿದ್ದೆ, ಅವರ ಶಾಪ ತಟ್ಟಿದೆ.”

ಕೂತರು. ಎದುರು ಮನೆಯವರು ಗೇಟಿಗೆ ಬಂದು ನಿಂತು ಬಹಳ ಹೊತ್ತು ನೋಡಿ, ಕೊನೆಗೆ ಕೇಳಿದ್ದು ಒಂದೇ: “ಮೈಲೇಜ್ ಎಷ್ಟು ಕೊಡುತ್ತಮ್ಮ?”

ಅಂದಿನಿಂದ ನಾನು ಎಲ್ಲಿ ಹೋದರೂ ಅತ್ತೆ ಬರುತ್ತಿದ್ದರು. ಮಾರುಕಟ್ಟೆಗೆ ಹೋದರೆ ಬರುತ್ತಿದ್ದರು. ಸುಮ್ಮನೆ ಊರು ಸುತ್ತುವ ಪರೀಕ್ಷೆ ಇದ್ದರೂ ಬರುತ್ತಿದ್ದರು. ಎಂಜಿನ್ ಹಿಂದೆ ಇದ್ದುದರಿಂದ ಸಾಮಾನಿಗೆ ಮುಂದಿನ ಬಾನೆಟ್ಟಿನ ಕೆಳಗೆ ಜಾಗ. ನಾನು ಬಾನೆಟ್ಟು ತೆಗೆದು ಕೊತ್ತಂಬರಿ ಇಡುವುದನ್ನು ನೋಡಿ ಸೊಪ್ಪು ಮಾರುವವಳು, “ಅಲ್ಲಿ ಬೇಯ್ತದಾ ಅದು?” ಎಂದು ಕೇಳಿದಳು. ಉಬ್ಬುಗಳ ಮುಂದೆ ಗಾಡಿ ತಾನೇ ಮೂತಿ ಎತ್ತಿಕೊಂಡು ದಾಟುತ್ತಿತ್ತು. ಗುಂಡಿಗಳಲ್ಲಿ ನೀರು ತುಂಬಿದ್ದರೆ ಹೊಟ್ಟೆ ಎತ್ತಿಕೊಳ್ಳುತ್ತಿತ್ತು. ದಿನಬಳಕೆಗೆ ಯಾವ ತೊಂದರೆಯೂ ಇಲ್ಲವೆಂದು ನಾನು ವಾರಕ್ಕೊಮ್ಮೆ ವರದಿ ಕೊಡುತ್ತಿದ್ದೆ.

ಒಂದೇ ಒಂದು ವಿಷಯ. ಅತ್ತೆ ದಾರಿಯುದ್ದಕ್ಕೂ ಎರಡೂ ಕಾಲನ್ನು ನೆಲಕ್ಕೆ ಒತ್ತಿ ಹಿಡಿಯುತ್ತಿದ್ದರು, ತಮ್ಮ ಕಡೆಯೂ ಒಂದು ಬ್ರೇಕ್ ಇದೆ ಎಂಬಂತೆ.

“ನಿಂಗೆ ಹೆದ್ರಿಕೆನೇ ಆಗಲ್ವೇನೇ?” ಎಂದು ಒಮ್ಮೆ ಕೇಳಿದರು.

“ಯಾಕೆ ಅತ್ತೆ, ಜೋರಾಗಿ ಓಡಿಸ್ತೀನಾ?”

“ಜೋರು ಅಂತಲ್ಲ. ನೀನು ಓಡ್ಸಲ್ಲ ಕಣೆ. ಸುಮ್ನೆ ಹೋಗ್ತಾ ಇರ್ತೀಯ.”

*

ಪರೀಕ್ಷೆಯ ನಿಯಂತ್ರಣ ಕೊಠಡಿ ಶಿರಾದಾಚೆಯ ಬಯಲಿನಲ್ಲಿತ್ತು. ಹೊರಗೆ ಕಂಪನಿಯ ಸ್ವಂತ ಓಟದ ರಸ್ತೆ, ಒಳಗೆ ಗೋಡೆ ತುಂಬ ಪರದೆಗಳು. ಪ್ರತಿ ಗಾಡಿಯ ಸ್ಟೀರಿಂಗಿನಿಂದ ಬಂದ ನಡುಕ ಅಲ್ಲಿ ಒಂದು ರೇಖೆಯಾಗಿ ಕಾಣುತ್ತಿತ್ತು. ರೇಖೆಗಳನ್ನು ನೋಡಿಕೊಳ್ಳುತ್ತಿದ್ದವನು ಇಮ್ತಿಯಾಜ್, ಹಾಸನದ ಹುಡುಗ, ಸಂಕೇತಗಳ ಎಂಜಿನಿಯರ್. ಇಡೀ ಯೋಜನೆಯ ಮುಖ್ಯಸ್ಥರು ಚೆಂಗಪ್ಪ, ಮಡಿಕೇರಿಯವರು. ವಯಸ್ಸಿನಲ್ಲಿ ರ‍್ಯಾಲಿ ಓಡಿಸಿ ಒಂದು ಭುಜ ಮುರಿದುಕೊಂಡವರು.

ಬಟ್ಟೆ ಅಂಗಡಿಯವರ ರೇಖೆ ಗರಗಸದಂತಿತ್ತು. ಆಟೋ ಕಂಡರೆ ಏರಿಕೆ, ಹಸು ಕಂಡರೆ ಏರಿಕೆ, ಪೊಲೀಸರು ಕಂಡರೆ ಎಲ್ಲಕ್ಕಿಂತ ದೊಡ್ಡ ಏರಿಕೆ. ಪ್ರತಿ ಏರಿಕೆಗೂ ಗಾಡಿ ಗಕ್ಕನೆ ಬ್ರೇಕು ಹಾಕುತ್ತಿತ್ತು. ಬ್ಯಾಂಕ್ ಮ್ಯಾನೇಜರ ಹೆಂಡತಿಗೆ ಕತ್ತು ಉಳುಕಿ, ಇನ್ನು ಆ ಗಾಡಿ ಹತ್ತುವುದಿಲ್ಲ ಎಂದು ಹೇಳಿಬಿಟ್ಟಿದ್ದರು.

“ಜನ ಇಷ್ಟೊಂದು ಹೆದರ್ತಾರೆ ಅಂತ ಗೊತ್ತೇ ಇರಲಿಲ್ಲ ಮೇಡಂ,” ಎಂದ ಇಮ್ತಿಯಾಜ್. “ಹೊರಗಡೆ ನೋಡಿದ್ರೆ ಎಲ್ಲಾ ಹುಲಿಗಳ ಥರ ಹಾರ್ನ್ ಹೊಡೀತಿರ್ತಾರೆ.”

ಚೆಂಗಪ್ಪ ನನ್ನ ರೇಖೆಯನ್ನು ದೊಡ್ಡ ಪರದೆಗೆ ತರಿಸಿದರು. ಅದು ಎಡದಿಂದ ಬಲಕ್ಕೆ ನೆಟ್ಟಗೆ ಹೋಗಿತ್ತು.

“ಇದನ್ನು ನೋಡಿ. ಗಾಜಿನ ಮೇಲೆ ಸ್ಕೇಲಿಟ್ಟು ಎಳೆದ ಹಾಗೆ ಉಂಟು. ಅದೇ ಊರು, ಅದೇ ಮಾರ್ಕೆಟ್ ರಸ್ತೆ, ಅದೇ ಹಸು. ಇವರು ಹೆದರಲಿಲ್ಲ, ಏನೂ ಆಗಲಿಲ್ಲ. ಅಂದ್ರೆ ಅಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ ಅಂತ ಅಲ್ವಾ?”

ಅವರ ಯೋಜನೆ ಸರಳವಾಗಿತ್ತು. ನನ್ನ ಓಟಗಳನ್ನೆಲ್ಲ ಗಾಡಿಯ ಯಂತ್ರಬುದ್ಧಿಗೆ ಪಾಠವಾಗಿ ಕೊಡುವುದು. ಶರ್ವಾಣಿ ನಡುಗದೆ ದಾಟಿದ ಕಡೆ ಬೇರೆಯವರು ನಡುಗಿದರೆ, ಅದನ್ನು ಸುಳ್ಳು ಹೆದರಿಕೆ ಎಂದು ಗಾಡಿ ಬದಿಗಿಡಬೇಕು. ಆಗ ಗಕ್ಕನೆ ನಿಲ್ಲುವುದು ತಪ್ಪುತ್ತದೆ, ಕತ್ತು ಉಳುಕುವುದು ತಪ್ಪುತ್ತದೆ. ಯುಗಾದಿಗೆ ಶ್ಯೇನ ಮಾರುಕಟ್ಟೆಗೆ ಬರಬೇಕಿತ್ತು.

“ಎಷ್ಟು ಸ್ಥಿರ ಮನಸ್ಸು ನಿಮ್ಮದು,” ಎಂದರು ಚೆಂಗಪ್ಪ.

ರೇಣುವಿನ ಮಣ್ಣಿಗೆ ಬಂದವರೂ ಇದನ್ನೇ ಹೇಳಿದ್ದರು. ನಾನು ಅತ್ತಿರಲಿಲ್ಲ. ಬಂದವರಿಗೆ ಕುರ್ಚಿ ಹಾಕಿಸಿದೆ, ನೀರು ಕೊಡಿಸಿದೆ, ಜಂಗಮರಿಗೆ ಏನೇನು ಬೇಕೆಂದು ಕೇಳಿದೆ. ಗಟ್ಟಿ ಹೆಂಗಸು, ಎಂದು ನನ್ನ ದೊಡ್ಡತ್ತೆ ಎಲ್ಲರಿಗೂ ಕೇಳುವಂತೆ ಹೊಗಳಿದರು. ನಮ್ಮಲ್ಲಿ ಅದು ದೊಡ್ಡ ಮೆಚ್ಚುಗೆ. ಆಮೇಲೂ ಯಾರೂ ಅದರ ಬಗ್ಗೆ ಬೇರೆ ಏನೂ ಯೋಚಿಸಲಿಲ್ಲ. ನಾನೂ ಯೋಚಿಸಲಿಲ್ಲ.

ಅಂಗೈಯ ನಡುಕದ ಬಗ್ಗೆ ನಾನೇ ಪಾಠ ಮಾಡಿದವಳು. ಇಷ್ಟು ನೆಟ್ಟಗಿನ ರೇಖೆ ಸರಿಯಲ್ಲವೆಂದು ಅನ್ನಿಸಬೇಕಿತ್ತು. ಆದರೆ ಅನುಮಾನ ಪಡುವುದಕ್ಕೂ ಒಂದಿಷ್ಟು ಕಾಳಜಿ ಬೇಕು. “ಆಗಲಿ ಸರ್,” ಎಂದೆ.

*

ಪುಷ್ಯದಲ್ಲಿ ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯ ಮೇಲೆ ಹುರುಳಿ ಇರುತ್ತದೆ. ಗಿಡ ಕಿತ್ತು ತಂದು ಡಾಂಬರಿನ ಮೇಲೆ ಹರಡುತ್ತಾರೆ. ಬಸ್ಸು ಲಾರಿಗಳು ತುಳಿದು ಹೋದಂತೆ ಕಾಯಿ ಒಡೆದು ಕಾಳು ಬೇರೆಯಾಗುತ್ತದೆ. ಕಣ ಮಾಡುವ ಕೆಲಸ ತಪ್ಪುತ್ತದೆ. ಗಾಡಿಯವರು ಗೊಣಗಿಕೊಂಡು ಅದರ ಮೇಲೇ ಹೋಗುತ್ತಾರೆ. ಪಕ್ಕಕ್ಕೆ ಸರಿದು ಹೋದರೆ ಹುರುಳಿಯವರು ಗೊಣಗುತ್ತಾರೆ.

ಶ್ಯೇನದ ಕ್ಯಾಮೆರಾಗಳಿಗೆ ಮೊದಮೊದಲು ಇದು ಅರ್ಥವಾಗಿರಲಿಲ್ಲ. ಹುರುಳಿ ಕಂಡ ಕೂಡಲೇ ಅಡ್ಡಿ ಎಂದು ನಿಂತುಬಿಡುತ್ತಿತ್ತು. ಹಿಂದೆ ಬಸ್ಸಿನವರ ಹಾರ್ನು, ಮುಂದೆ ಹೊಲದವರು ಬಂದು “ಹೋಗಿ ಸ್ವಾಮಿ, ತುಳ್ಕಂಡೇ ಹೋಗಿ” ಎಂದು ಕೈ ಬೀಸುವುದು. ಹಾಗಾಗಿ ಹರಡಿದ ಹುಲ್ಲು, ಸೊಪ್ಪು, ಬಳ್ಳಿಯೆಲ್ಲ ರಸ್ತೆಯೇ ಎಂದು ಎಂಜಿನಿಯರುಗಳು ಯಂತ್ರಕ್ಕೆ ಕಲಿಸಿದರು. ಬಳ್ಳಿ ಚಕ್ರಕ್ಕೆ ಸುತ್ತಿಕೊಂಡು ಬೆಂಕಿ ಹತ್ತದಿರಲೆಂದು ತಳಕ್ಕೆ ನುಣ್ಣಗಿನ ತಗಡು ಹೊಡೆಸಿದರು. ಅದರೊಳಗೆ ಏನಾದರೂ ಇದ್ದರೆ? ಓಡಿಸುವವರ ಕೈ ಹೇಳುತ್ತದೆ, ಎಂದು ತೀರ್ಮಾನವಾಗಿತ್ತು. ಹೊರದೇಶದ ಎಂಜಿನಿಯರುಗಳಾಗಿದ್ದರೆ ಹುರುಳಿಯ ಮುಂದೆ ಗಾಡಿಯನ್ನು ನಿಲ್ಲಿಸಿಯೇ ಇಡುತ್ತಿದ್ದರು. ನಮ್ಮವರೆಲ್ಲ ಚಿಕ್ಕಂದಿನಿಂದ ಅದರ ಮೇಲೆ ಬಸ್ಸಿನಲ್ಲಿ ಓಡಾಡಿದವರು.

ಅತ್ತೆಯ ತಂಗಿಯ ಮೊಮ್ಮಗಳಿಗೆ ಪಾವಗಡದಲ್ಲಿ ನಾಮಕರಣ ಇತ್ತು. ಬೆಳಿಗ್ಗೆ ಹೊರಟೆವು. ಮಧುಗಿರಿ ದಾಟಿದ ಮೇಲೆ ರಸ್ತೆ ಖಾಲಿ, ಬಿಸಿಲು ಚೆನ್ನಾಗಿ ಏರಿತ್ತು. ಅತ್ತೆ ಮಗುವಿಗೆ ತಂದಿದ್ದ ಬೆಳ್ಳಿ ಲೋಟವನ್ನು ತೊಡೆಯ ಮೇಲಿಟ್ಟುಕೊಂಡು, ಹೆಸರು ಏನಿಡುತ್ತಾರೋ ಎಂದು ಮಾತಾಡುತ್ತಿದ್ದರು.

ಒಂದು ತಿರುವು ಕಳೆದ ಮೇಲೆ ಹುರುಳಿ ಶುರುವಾಯಿತು. ಉದ್ದಕ್ಕೂ ಹರಡಿತ್ತು. ಗಾಡಿ ವೇಗ ಇಳಿಸಲಿಲ್ಲ. ನಾನೂ ಇಳಿಸಲಿಲ್ಲ. ಮುಂದೆ ಒಂದು ಕಡೆ ಬಳ್ಳಿ ತುಸು ಗುಡ್ಡೆಯಾಗಿತ್ತು. ಗುಡ್ಡೆಯ ಮೇಲೆ ಗೋಣಿತಾಟು. ನನಗೆ ಅದು ಕಂಡಿತು. ಗೋಣಿತಾಟಿನ ಅಂಚು ಮಿಸುಕಿದ್ದೂ ಕಂಡಿತು. ಗಾಳಿಗೆ ಗೋಣಿ ಹಾಗೆ ಮಿಸುಕುವುದಿಲ್ಲ ಎಂದೂ ಅನ್ನಿಸಿತು. ಅನ್ನಿಸಿದ್ದು ಅಲ್ಲೇ ಉಳಿಯಿತು, ಕಾಲಿಗೆ ಬರಲಿಲ್ಲ.

ಅತ್ತೆ ಲೋಟ ಬಿಟ್ಟು ಸ್ಟೀರಿಂಗನ್ನು ಬಾಚಿ ಹಿಡಿದರು.

ಗಾಡಿ ನೆಲಕ್ಕೆ ಕಚ್ಚಿಕೊಂಡಂತೆ ನಿಂತಿತು. ಬೆಲ್ಟು ಎದೆಗೆ ಒತ್ತಿತು. ಮುಂದಿನ ಗಾಜಿನ ಮೇಲೆಲ್ಲ ಹುರುಳಿ ಸೊಪ್ಪು ಹಾರಿಬಂದು ಬಿತ್ತು.

ಸೊಪ್ಪು ಸರಿದಾಗ ಗೋಣಿತಾಟು ಎದ್ದು ನಿಂತಿತ್ತು. ಒಳಗಿದ್ದದ್ದು ಒಬ್ಬ ಹೆಂಗಸು. ಬಿಸಿಲಿಗೆ ತಲೆ ಮೇಲಿಂದ ಗೋಣಿ ಹೊದ್ದು, ಕುಕ್ಕರಗಾಲಲ್ಲಿ ಕೂತು, ಬಳ್ಳಿ ಮಗುಚುತ್ತ ಕಾಳು ಗುಡಿಸುತ್ತಿದ್ದಳು. ದಿನಬಳಕೆಗೆಂದು ನಮ್ಮ ಗಾಡಿಯ ಸದ್ದನ್ನು ಅಡಗಿಸಿದ್ದರು. ಅವಳ ಮೊಣಕಾಲಿಗೂ ಗಾಡಿಯ ಮೂತಿಗೂ ನಡುವೆ ಒಂದು ಮೊರ ಇಡುವಷ್ಟು ಜಾಗವಿತ್ತು.

“ಯಾವೋಳೇ ಅದು! ಕಣ್ಣೇನು ನೆತ್ತಿ ಮ್ಯಾಲೈತಾ? ಕಾಳು ಒಕ್ಕಕ್ಕೆ ಹಾಕಿದ್ರೆ ನನ್ನೇ ಒಕ್ಕಕ್ಕೆ ಬಂದ್ಯಾ? ಅದೇನು ಗಾಡಿ, ಹಲ್ಲಿ ಇದ್ದಂಗೆ, ಬರದೂ ಗೊತ್ತಾಗಾಕಿಲ್ಲ ಹೋಗದೂ ಗೊತ್ತಾಗಾಕಿಲ್ಲ!”

ಅತ್ತೆ ಇಳಿದು ಹೋಗಿ ಅವಳ ಕೈ ಹಿಡಿದುಕೊಂಡರು. “ತಪ್ಪಾಯ್ತವ್ವ, ತಪ್ಪಾಯ್ತು,” ಎಂದು ಮತ್ತೆ ಮತ್ತೆ ಹೇಳಿದರು. ಅವಳು ಬೈಯುತ್ತಲೇ ಅತ್ತೆಗೆ ಕುಡಿಯಲು ನೀರು ಕೊಟ್ಟಳು. ಅತ್ತೆಯ ಕೈ ನಡುಗುತ್ತಿತ್ತು, ನೀರು ರವಿಕೆಯ ಮೇಲೆ ಚೆಲ್ಲಿತು. ಅವಳ ಕೈಯೂ ನಡುಗುತ್ತಿತ್ತು. ನಾನು ನನ್ನ ಕೈ ನೋಡಿಕೊಂಡೆ.

ಗಾಡಿಯನ್ನು ಹುಣಸೆಮರದ ಕೆಳಗೆ ನಿಲ್ಲಿಸಿ ಸ್ವಲ್ಪ ಹೊತ್ತು ಕೂತೆವು.

“ಅತ್ತೆ, ನನಗೆ ಅದು ಕಂಡಿತ್ತು,” ಎಂದೆ.

“ಗೊತ್ತು.”

“ಕಂಡ್ರೂ ಏನೂ ಆಗಲಿಲ್ಲ.”

“ಗೊತ್ತು ಕಣೆ. ನಾನ್ಯಾಕೆ ದಿನಾ ನಿನ್ನ ಜೊತೆ ಬರ್ತೀನಿ ಅಂದ್ಕೊಂಡೆ? ಈ ಗಾಡೀಲಿ ಕೂರೋ ಶೋಕಿಗಾ? ನನ್ನ ಮಂಡಿ ಕೇಳು, ಹೇಳ್ತದೆ ಎಂಥ ಶೋಕಿ ಅಂತ.” ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ಒಲೆ ಮೇಲಿನ ಬಾಣಲೆ ಬರೀ ಕೈಲಿ ಇಳ್ಸಿದೆ ನೀನು, ಶ್ರಾವಣದಲ್ಲಿ. ಬೊಬ್ಬೆ ಎದ್ದದ್ದು ನಾನು ಹೇಳಿದ್ಮೇಲೆ ನೋಡ್ಕೊಂಡೆ. ಅವತ್ತಿಂದ ನಿನ್ನ ಒಬ್ಬಳ್ನೇ ಬಿಟ್ಟಿಲ್ಲ ನಾನು.”

ನಾಮಕರಣಕ್ಕೆ ಹೋದೆವು. ಮಗುವಿಗೆ ಇಂಚರ ಎಂದು ಹೆಸರಿಟ್ಟರು. ಲೋಟ ಒಂದು ಕಡೆ ನೆಗ್ಗಿತ್ತು.

*

ಮರುದಿನ ನಿಯಂತ್ರಣ ಕೊಠಡಿಗೆ ಹೋದಾಗ ಅಲ್ಲಿ ಮೈಸೂರುಪಾಕು ಹಂಚುತ್ತಿದ್ದರು.

“ಬನ್ನಿ ಬನ್ನಿ,” ಎಂದು ಚೆಂಗಪ್ಪ ಎದ್ದು ಬಂದರು. “ನಿನ್ನೆಯ ರೇಖೆ ನೋಡಿದ್ರಾ?”

ಪರದೆಯ ಮೇಲೆ ನನ್ನ ನೆಟ್ಟಗಿನ ರೇಖೆ. ಒಂದೇ ಒಂದು ಕಡೆ ಅದು ಕೋಟೆಯ ಬತೇರಿಯಂತೆ ಎದ್ದು ನಿಂತಿತ್ತು. ಅದರ ಕೆಳಗೆ ಗಾಡಿಯ ಕ್ಯಾಮೆರಾ ಕಂಡ ಚಿತ್ರ: ಬಳ್ಳಿ, ಗೋಣಿತಾಟು, ಎದ್ದು ನಿಲ್ಲುತ್ತಿರುವ ಹೆಂಗಸು.

“ತಿಂಗಳುಗಟ್ಟಲೆ ಒಂದು ಸಲವೂ ಸುಮ್ಮಸುಮ್ಮನೆ ಹೆದರಲಿಲ್ಲ. ನಿಜವಾದ ಅಪಾಯ ಬಂದಾಗ ಮಾತ್ರ ಎದ್ದಿದೆ. ನಮಗೆ ಬೇಕಾದ್ದು ಇದೇ. ಇದಕ್ಕಿಂತ ದೊಡ್ಡ ಸಾಕ್ಷಿ ಎಂಥದು ಬೇಕು? ನಿಮ್ಮ ಓಟಗಳನ್ನೇ ಮಾದರಿ ಮಾಡಿ ಎಲ್ಲ ಗಾಡಿಗಳಿಗೂ ಹಾಕ್ತಾ ಇದ್ದೇವೆ. ಯುಗಾದಿಗೆ ಹೊರಡ್ತದೆ.”

“ಸರ್, ಅದು ನನ್ನ ಕೈಯಲ್ಲ.”

“ಎಂಥದು?”

“ಅದು ನಮ್ಮತ್ತೆಯ ಕೈ. ಅವರು ಸ್ಟೀರಿಂಗ್ ಹಿಡಿದರು. ನನ್ನದು ಆಗಲೂ ನೆಟ್ಟಗೇ ಇತ್ತು.”

ಇಮ್ತಿಯಾಜ್ ಮೈಸೂರುಪಾಕನ್ನು ಕೀಬೋರ್ಡಿನ ಪಕ್ಕ ಇಟ್ಟ. “ಸರ್, ಆಗಬಹುದು. ಯಾರ ಅಂಗೈ ಅಂತ ಬಲೆಗೆ ಗೊತ್ತಾಗಲ್ಲ.”

ಚೆಂಗಪ್ಪ ನಕ್ಕರು. “ಇಬ್ಬರೂ ಹೆದರಿರ್ತೀರಿ. ಎರಡೂ ಸೇರಿ ಅಷ್ಟು ಎತ್ತರ ಆಗಿರ್ತದೆ. ಇದೆಲ್ಲ ನಿಮ್ಮ ವಿನಯ.”

“ವಿನಯ ಅಲ್ಲ ಸರ್. ನನಗೆ ಸಂತೋಷ ಆಗಲ್ಲ, ಹೆದರಿಕೆಯೂ ಆಗಲ್ಲ. ಯಜಮಾನರು ಹೋದಾಗಿನಿಂದ ಹೀಗೆ. ಇದು ಸ್ಥಿರ ಮನಸ್ಸಲ್ಲ, ಮರಗಟ್ಟಿರೋದು. ಅರಿವಳಿಕೆ ಕೊಟ್ಟ ಹಲ್ಲಿನ ಹಾಗೆ. ನನ್ನನ್ನು ನೋಡಿ ಗಾಡಿ ಕಲಿತರೆ, ಬೇರೆಯವರ ಕೈ ಸರಿಯಾಗಿ ನಡುಗಿದಾಗಲೂ ಅದು ಸುಮ್ಮನೆ ಹೋಗುತ್ತೆ. ಆ ಹೆಂಗಸಿನ ಮೇಲೂ ಹೋಗುತ್ತಿತ್ತು.”

ಇಷ್ಟು ಉದ್ದ ನಾನು ವರ್ಷದಲ್ಲಿ ಯಾರ ಹತ್ತಿರವೂ ಮಾತಾಡಿರಲಿಲ್ಲ. ಕೊಠಡಿಯಲ್ಲಿದ್ದವರು ಪರದೆ ನೋಡುವವರಂತೆ ನಟಿಸಿದರು. ವಿಧವೆಯ ಮಾತು ಬಂದಾಗ ಜನ ಹಾಗೆಯೇ ಮಾಡುತ್ತಾರೆ.

ಚೆಂಗಪ್ಪ ಕುರ್ಚಿ ಎಳೆದು ಕೂತರು. ಅವರದು ಕೆಟ್ಟ ಮನಸ್ಸಲ್ಲ. ಆದರೆ ಗಾಡಿಗಳು ಸಾಲಾಗಿ ನಿಂತಿದ್ದವು, ದಿನ ಗೊತ್ತಾಗಿತ್ತು.

“ನೋಡಿ ಶರ್ವಾಣಿ, ನಿಮ್ಮ ಬಾಯಿಮಾತಿನ ಮೇಲೆ ನಾನು ಇದನ್ನು ನಿಲ್ಲಿಸಲಿಕ್ಕಾಗೋದಿಲ್ಲ.”

“ಬಾಯಿಮಾತು ಬೇಡ. ಪರೀಕ್ಷೆ ಮಾಡೋಣ.”

*

ಹತ್ತಿರದ ಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಹುರುಳಿ ಬಳ್ಳಿ ತರಿಸಿ ಓಟದ ರಸ್ತೆಯ ಮೇಲೆ ಹರಡಿಸಿದೆವು. ಹುಲ್ಲು ತುಂಬಿದ ಗೊಂಬೆಯೊಂದನ್ನು ಕುಕ್ಕರಗಾಲಲ್ಲಿ ಕೂರಿಸಿ ಮೇಲೆ ಗೋಣಿತಾಟು ಹೊದಿಸಿದೆವು.

“ಗೊಂಬೆ ಅಂತ ಗೊತ್ತಿದ್ದ ಮೇಲೆ ಯಾರು ಹೆದರ್ತಾರೆ?” ಎಂದರು ಚೆಂಗಪ್ಪ. “ನನ್ನ ರೇಖೆಯೂ ನೆಟ್ಟಗೇ ಬರ್ತದೆ.”

“ಮೊದಲು ನೀವೇ ಓಡಿಸಿ ಸರ್. ಕಾಲು ಬ್ರೇಕಿನಿಂದ ದೂರ ಇಟ್ಟುಕೊಳ್ಳಿ. ಕೈ ಮಾತ್ರ ಸ್ಟೀರಿಂಗಿನ ಮೇಲಿರಲಿ.”

ಅವರು ಹೋದರು. ಬೆಟ್ಟದ ತಿರುವುಗಳಲ್ಲಿ ಕಾರು ಮಗುಚಿ, ಎದ್ದು, ಮತ್ತೆ ಓಡಿಸಿದ ಮನುಷ್ಯ. ಗೊಂಬೆಯನ್ನು ಕೂರಿಸುವಾಗ ಪಕ್ಕದಲ್ಲೇ ನಿಂತು, ಕತ್ತು ಸರಿ ಮಾಡಿ ಎಂದು ಹೇಳಿದ್ದವರೂ ಅವರೇ. ಆದರೂ ಗೋಣಿತಾಟು ಹತ್ತಿರ ಬಂದಾಗ ಪರದೆಯ ಮೇಲೆ ಅವರ ರೇಖೆ ಜಿಗಿಯಿತು, ಗಾಡಿ ನಿಂತಿತು.

“ಸರ್, ಎದ್ದಿದೆ,” ಎಂದ ಇಮ್ತಿಯಾಜ್ ಮೈಕಿನಲ್ಲಿ. “ಅಷ್ಟಿಷ್ಟಲ್ಲ, ನಮ್ಮ ಬಟ್ಟೆ ಅಂಗಡಿಯವರಿಗಿಂತ ಜಾಸ್ತಿನೇ ಇದೆ.”

“ಬಾಯಿ ಮುಚ್ಚು ಮಾರಾಯ,” ಎಂಬುದು ಸ್ಪೀಕರಿನಲ್ಲಿ ಕೇಳಿತು.

ಆಮೇಲೆ ನಾನು ಹೋದೆ. ಚೆಂಗಪ್ಪ ಈಗ ಕೊಠಡಿಯಲ್ಲಿದ್ದರು. ಬಳ್ಳಿ ಬಂತು, ಗುಡ್ಡೆ ಬಂತು, ಗೋಣಿತಾಟು ಬಂತು. ನಾನು ಅದನ್ನೇ ನೋಡುತ್ತಿದ್ದೆ. ಅದು ಆ ಹೆಂಗಸು ಎಂದು ಅಂದುಕೊಳ್ಳಲು ಪ್ರಯತ್ನಿಸಿದೆ. ಅವಳ ಮಾತನ್ನೂ ನೆನಪಿಗೆ ತಂದುಕೊಂಡೆ. ಗಾಡಿ ಎಲ್ಲೂ ತಡೆಯಲಿಲ್ಲ. ಧಡ್ ಎಂದು ಒಂದು ಸದ್ದು, ಆಮೇಲೆ ತಗಡಿನ ಕೆಳಗೆ ಏನೋ ಉಜ್ಜಿಕೊಂಡು ಹೋದ ಸದ್ದು.

ನಿಲ್ಲಿಸಿ ಇಳಿದು ಹಿಂದಕ್ಕೆ ನಡೆದೆ. ಗೊಂಬೆಯ ತಲೆ ರಸ್ತೆಯ ಬದಿಯಲ್ಲಿತ್ತು. ಹುಲ್ಲು ದೂರದವರೆಗೆ ಚೆಲ್ಲಿತ್ತು. ಕೈಯಲ್ಲಿದ್ದ ವಾಕಿಟಾಕಿಯಲ್ಲಿ ಇಮ್ತಿಯಾಜನ ದನಿ ಬಂತು, ಮೆಲ್ಲಗೆ: “ನೆಟ್ಟಗೇ ಇದೆ ಮೇಡಂ.”

ಅಂದು ಸಂಜೆಯೇ ಚೆಂಗಪ್ಪ ನನ್ನ ಓಟಗಳನ್ನು ಮಾದರಿಯಿಂದ ತೆಗೆಸಿದರು. ಯುಗಾದಿಗೆ ಗಾಡಿ ಬರುವುದಿಲ್ಲವೆಂದು ಮೇಲಿನವರಿಗೆ ಫೋನು ಮಾಡಿದರು. ಆ ಕಡೆಯವರು ಏನಂದರೋ ಕೇಳಲಿಲ್ಲ. ಇವರು ಫೋನನ್ನು ಕಿವಿಯಿಂದ ದೂರ ಹಿಡಿದುಕೊಂಡಿದ್ದರು.

“ಓಡಿಸುವವರ ಹೆದರಿಕೆಯನ್ನೇ ನಂಬಿಕೊಂಡದ್ದು ನಮ್ಮ ತಪ್ಪು,” ಎಂದರು ಆಮೇಲೆ. “ನಿಮ್ಮ ಹಾಗೆ ಎಷ್ಟು ಜನ ಇರಬಹುದು ರಸ್ತೆಯಲ್ಲಿ. ನಿದ್ರೆ ಇಲ್ಲದವರು, ಮಾತ್ರೆ ನುಂಗಿದವರು, ಮನೆಯಲ್ಲಿ ಸಾವಾದವರು. ಅವರ ಕೈಯಲ್ಲೂ ಗಾಡಿ ತಾನೇ ನೋಡಿ ತಾನೇ ನಿಲ್ಲಬೇಕು. ಬಳ್ಳಿಯ ನಡುವೆ ಕೂತ ಮನುಷ್ಯರನ್ನು ಗುರುತಿಸುವುದಕ್ಕೆ ಅದು ಕಲಿಯಬೇಕು.”

“ಕಲಿತಿದೆಯೋ ಇಲ್ಲವೋ ಹೇಗೆ ತಿಳಿಯುತ್ತೆ ಸರ್?”

“ಅದಕ್ಕೆ ಓಡಿಸುವವರಿಂದ ಗಾಡಿಗೆ ಒಂದಿಷ್ಟೂ ಸುಳಿವು ಸಿಗಬಾರದು. ತಂತಿಯ ಬಲೆ ಕಿತ್ತು ನೋಡಿದ್ರೆ ಅದು ನಾವು ಮಾರುವ ಗಾಡಿ ಆಗೋದಿಲ್ಲ.” ಅವರು ನನ್ನ ಮುಖ ನೋಡದೆ ಹೇಳಿದರು. “ಹೇಳಲಿಕ್ಕೆ ಸಂಕೋಚ ಆಗ್ತದೆ. ನೀವು ಇರ್ತೀರಾ?”

ಇರುತ್ತೇನೆ ಎಂದೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಹುರುಳಿಕಟ್ಟಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ರಸ್ತೆಯಲ್ಲಿ ಗೋಣಿ ಹೊದ್ದು ಕೂತಿದ್ದವಳು ಅತ್ತೆಯ ಮಡಿಲಿಗೆ ಎರಡು ಬೊಗಸೆ ಕಾಳು ಹಾಕಿ ಕಳಿಸಿದ್ದಳು.

“ಗೊಂಬೆ ತಾನೆ?” ಎಂದರು ಅತ್ತೆ.

“ಬೇರೆ ಎಲ್ಲರಿಗೂ ಗೊಂಬೆ ಅಂತ ಗೊತ್ತಿದ್ರೂ ಅಲುಗುತ್ತೆ ಅತ್ತೆ.”

“ನಿಂಗೂ ಅಲುಗೋವರೆಗೂ ಓಡ್ಸು.”

“ಅಲುಗಿದರೆ ಕೆಲಸ ಹೋಗುತ್ತೆ.”

“ಹೋಗ್ಲಿ ಬಿಡೇ,” ಎಂದು ಅವರು ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿದರು. “ಎಂಥೆಂಥದೋ ಹೋಯ್ತು.”

*

ಬೇಸಿಗೆ ಪೂರ್ತಿ ಗೊಂಬೆಗಳ ಮೇಲೆ ಗಾಡಿ ಓಡಿಸಿದೆ. ಹುರುಳಿ ಮುಗಿದ ಮೇಲೆ ರಾಗಿ ಹುಲ್ಲು, ಅದು ಮುಗಿದ ಮೇಲೆ ಶೇಂಗಾ ಬಳ್ಳಿ. ಗೊಂಬೆಗಳನ್ನು ಕೂರಿಸಿದರು, ಮಲಗಿಸಿದರು, ಬಗ್ಗಿಸಿ ನಿಲ್ಲಿಸಿದರು. ಗೋಣಿ ತುಂಬಿ ಹೊಲಿಯಲು ಹಳ್ಳಿಯ ಹೆಂಗಸರು ಬರುತ್ತಿದ್ದರು. ನಾನು ಹಾದುಹೋದ ಮೇಲೆ ಬಂದು, ಚದುರಿದ್ದನ್ನು ಒಟ್ಟು ಮಾಡಿ, “ನಾವು ನಿನ್ನೆ ಹೊಲಿದದ್ದನ್ನ ಅಮ್ಮಾವ್ರು ಇವತ್ತು ಹರೀತಾರೆ” ಎಂದು ನಗುತ್ತಿದ್ದರು.

ಗಾಡಿ ನಿಧಾನವಾಗಿ ಕಲಿಯಿತು. ಮೊದಲು ಗೊಂಬೆಗೆ ತಾಗಿದ ಮೇಲೆ ನಿಲ್ಲುತ್ತಿತ್ತು. ಆಮೇಲೆ ತಾಗಿ ತಾಗದ ಹಾಗೆ ನಿಲ್ಲುತ್ತಿತ್ತು. ಒಮ್ಮೊಮ್ಮೆ ಬರೀ ಬಳ್ಳಿಯ ಗುಡ್ಡೆಗೂ ನಿಂತು ಎಲ್ಲರಿಂದ ಬೈಸಿಕೊಳ್ಳುತ್ತಿತ್ತು. ನನ್ನ ರೇಖೆ ದಿನವೂ ನೆಟ್ಟಗಿರುತ್ತಿತ್ತು. ಪ್ರತಿ ಓಟ ಮುಗಿದ ಮೇಲೆ ಇಮ್ತಿಯಾಜ್ ಮೈಕಿನಲ್ಲಿ ಎರಡು ಮಾತು ಹೇಳುತ್ತಿದ್ದ. ಗಾಡಿ ನಿಂತಿತೋ ಇಲ್ಲವೋ ಎಂಬುದು ಒಂದು. ಓಟ ಲೆಕ್ಕಕ್ಕೆ ಬಂತು ಎಂಬುದು ಇನ್ನೊಂದು. ನನ್ನ ಕೈಯಿಂದ ಸುಳಿವು ಹೋಗದಿದ್ದರೆ ಮಾತ್ರ ಓಟ ಲೆಕ್ಕಕ್ಕೆ ಬರುತ್ತಿತ್ತು.

ಮುಂಗಾರಿನ ಗಾಳಿ ಶುರುವಾದ ವಾರದಲ್ಲಿ ಒಂದು ಮಧ್ಯಾಹ್ನ ಮಾಮೂಲಿನಂತೆ ಹೊರಟೆ. ಆ ದಿನ ಗೊಂಬೆ ಮಲಗಿತ್ತು, ಮಗ್ಗುಲಿಗೆ ತಿರುಗಿ. ಮೇಲೆ ಗೋಣಿತಾಟು. ಅದನ್ನು ನಾನೇ ಹೊದಿಸಿ ಬಂದಿದ್ದೆ. ಬೇಕಾದಷ್ಟು ವೇಗ ಹಿಡಿದೆ. ಬಳ್ಳಿ ಬಂತು. ಗಾಳಿ ಜೋರಾಗಿ ಬೀಸಿ ಗೋಣಿತಾಟು ಎದ್ದು ಪಕ್ಕಕ್ಕೆ ಬಿತ್ತು. ಗೊಂಬೆಯ ಒಂದು ಕೈ ತಲೆಯ ಕೆಳಗಿತ್ತು. ಮಲಗಿದವರು ದಿಂಬಿಲ್ಲದಾಗ ಇಟ್ಟುಕೊಳ್ಳುವ ಹಾಗೆ.

ಗಾಡಿ ನಿಂತಿತು. ಬಹಳ ದೂರದಲ್ಲೇ ನಿಂತಿತು.

ಒಳ್ಳೆಯ ಓಟ ಎಂದುಕೊಂಡೆ. ಮೈಕಿನಲ್ಲಿ ಕೇಳಿದೆ.

“ಇಮ್ತಿಯಾಜ್? ನಿಂತಿದೆ. ಬರೆದುಕೊಂಡ್ರಾ?”

“ಮೇಡಂ...” ಎಂದು ಅವನು ತಡೆದ. “ಮೇಡಂ, ಇದು ಲೆಕ್ಕಕ್ಕೆ ಬರಲ್ಲ.”

“ಯಾಕೆ?”

“ರೇಖೆ ಅಲುಗಿದೆ.”

“ತಂತಿ ಸಡಿಲ ಆಗಿರಬೇಕು. ನೋಡಿ.”

“ನೋಡಿದೆ ಮೇಡಂ. ತಂತಿ ಸರಿ ಇದೆ.”

ಚೆಂಗಪ್ಪ ಮೈಕು ತೆಗೆದುಕೊಂಡ ಸದ್ದು ಕೇಳಿತು. “ಶರ್ವಾಣಿ, ಇಳಿದು ಬನ್ನಿ. ಇವತ್ತಿಗೆ ಸಾಕು.”

“ಇಲ್ಲ ಸರ್. ಇನ್ನೊಂದು ಸಲ ಹೋಗ್ತೀನಿ.”

ಗಾಡಿಯನ್ನು ಹಿಂದಕ್ಕೆ ತಂದೆ. ಗೋಣಿತಾಟು ಹಾರಿಹೋಗಿ ಬೇಲಿಗೆ ಸಿಕ್ಕಿಕೊಂಡಿತ್ತು. ಅದನ್ನು ತರಲು ಯಾರನ್ನೂ ಕಳಿಸಬೇಡಿ ಎಂದೆ. ಅಂಗೈ ಒದ್ದೆಯಾಗಿತ್ತು. ಕುರ್ತಾಕ್ಕೆ ಒರೆಸಿಕೊಂಡು ಮತ್ತೆ ಸ್ಟೀರಿಂಗ್ ಹಿಡಿದು ಹೊರಟೆ.

ಅದೂ ಲೆಕ್ಕಕ್ಕೆ ಬರಲಿಲ್ಲ.